ಎಂಟು ಇರುಳಿನ ದೀಪ

(ಬಾನುಲಿ ಭಾಷಣ)

ದೀಪದ ಹಬ್ಬವೆಂದೊಡನೆ ನಮ್ಮ ಮನಸ್ಸು ದೀಪಾವಳಿಯತ್ತ ಹರಿಯುತ್ತದೆ. ಅದು ಸಹಜವೇ. ನೀರು ತುಂಬುವ ಹಬ್ಬದಿಂದ ಮೊದಲಾಗಿ ಕಾರ್ತಿಕ ಮಾಸವೆಲ್ಲ ಮನೆಗಳ ಹೊಸ್ತಿಲಲ್ಲಿಯೂ ಗುಡಿಗಳ ದೀಪಮಾಲೆಯ ಕಂಬಗಳಲ್ಲಿಯೂ ಪಣತಿ ಬೆಳಗಿಸುವ ನಾಡು ನಮ್ಮದು. ಆದರೆ ನಮ್ಮ ಕಾರ್ತಿಕದ ದೀಪಗಳು ಮುಗಿಯುತ್ತ ಬಂದು, ಚಳಿ ಬಲಿಯುವ ದಿನಗಳಲ್ಲಿ, ಜಗತ್ತಿನ ಇನ್ನೊಂದು ಪ್ರಾಚೀನ ಜನಾಂಗ ತನ್ನ ದೀಪಗಳನ್ನು ಹಚ್ಚತೊಡಗುತ್ತದೆ. ಮೊದಲ ಇರುಳು ಒಂದು, ಎರಡನೆಯ ಇರುಳು ಎರಡು, ಹೀಗೆ ಏರುತ್ತ ಹೋಗಿ ಎಂಟನೆಯ ಇರುಳಿಗೆ ಎಂಟು ದೀಪ. ಇದು ಯೆಹೂದ್ಯರ ಹನುಕ್ಕಾ ಹಬ್ಬ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಕುಳಿತು ಈ ಮಾತುಗಳನ್ನು ಕೇಳುತ್ತಿರುವವರು, “ನಮಗೂ ಆ ಹಬ್ಬಕ್ಕೂ ಏನು ಸಂಬಂಧ?” ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ನಾನು ಇದೇ ಸೀಮೆಯವನು. ಕನ್ನಡ ಸಾಹಿತ್ಯವನ್ನು ಪಾಠ ಹೇಳುತ್ತ ಬಾಳು ಕಳೆದವನು. ಹೀಬ್ರೂ ಭಾಷೆಯ ಪಂಡಿತನಲ್ಲ. ಆದರೂ ಈ ಹಬ್ಬದ ಕಥೆಯನ್ನು ಓದಿದಾಗಲೆಲ್ಲ ನನಗೆ ಕಿತ್ತೂರಿನ ಕೋಟೆ ನೆನಪಾಗುತ್ತದೆ. ಬೈಲಹೊಂಗಲದ ಸಮಾಧಿ ನೆನಪಾಗುತ್ತದೆ. ಒಂದು ಜನಾಂಗ ತನ್ನ ಗೆಲುವನ್ನು ಹೇಗೆ ನೆನೆಯಬೇಕು ಎಂಬ ಪ್ರಶ್ನೆ ಅವರಿಗಿದ್ದಂತೆ ನಮಗೂ ಇದೆ. ಅವರು ಅದಕ್ಕೆ ಕಂಡುಕೊಂಡ ಉತ್ತರವನ್ನು ವಿಚಾರಿಸಿ ನೋಡುವುದು ಈ ಹೊತ್ತಿನ ನನ್ನ ಉದ್ದೇಶ.

‘ಹನುಕ್ಕಾ’ ಎಂಬ ಹೀಬ್ರೂ ಶಬ್ದಕ್ಕೆ ಪ್ರತಿಷ್ಠಾಪನೆ ಎಂದು ಅರ್ಥ. ಮೈಲಿಗೆಯಾದ ದೇವಾಲಯವೊಂದನ್ನು ಶುದ್ಧಗೊಳಿಸಿ ಮತ್ತೆ ಪೂಜೆಗೆ ತೆರೆದ ಸಂದರ್ಭದ ನೆನಪು ಅದು. ಯೋಹಾನನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಯೇಸು ಚಳಿಗಾಲದ ಒಂದು ದಿನ ಯೆರೂಸಲೇಮಿನ ದೇವಾಲಯದ ಮಂಟಪದಲ್ಲಿ ತಿರುಗಾಡುತ್ತಿದ್ದನೆಂದು ಹೇಳಿದೆಯಲ್ಲ, ಆಗ ನಡೆಯುತ್ತಿದ್ದುದು ಈ ಪ್ರತಿಷ್ಠಾಪನೆಯ ಹಬ್ಬವೇ. ಹಬ್ಬ ಮೊದಲಾಗುವುದು ಅವರ ಕಿಸ್ಲೇವ್ ಮಾಸದ 25ನೆಯ ದಿನ. ಅವರ ಪಂಚಾಂಗವೂ ನಮ್ಮದರಂತೆ ಚಾಂದ್ರಮಾನದ್ದು. ಅಮಾವಾಸ್ಯೆಯ ಮರುದಿನಗಳಿಂದ ಮಾಸ ಮೊದಲಾಗುತ್ತದೆ. ಋತುಗಳೊಡನೆ ಹೊಂದಿಕೆ ತಪ್ಪದಿರಲೆಂದು 19 ವರ್ಷಗಳಲ್ಲಿ ಏಳು ಅಧಿಕ ಮಾಸಗಳು ಬರುತ್ತವೆ. ಆದ್ದರಿಂದ ಅವರ ಕಿಸ್ಲೇವ್ 25 ನಮ್ಮ ಲೆಕ್ಕಕ್ಕೆ ಕಾರ್ತಿಕದ ಅಥವಾ ಮಾರ್ಗಶಿರದ ಬಹುಳ ದಶಮಿಯ ಸುಮಾರಿಗೆ ಬೀಳುತ್ತದೆ. ಇದರಲ್ಲಿ ಒಂದು ಸ್ವಾರಸ್ಯವಿದೆ. ಆ ಎಂಟು ಇರುಳುಗಳ ನಡುವೆ ಅಮಾವಾಸ್ಯೆ ಬಂದು ಹೋಗುತ್ತದೆ. ಚಂದ್ರ ಕ್ಷೀಣಿಸಿದಂತೆ ಮನೆಯ ಬಾಗಿಲಲ್ಲಿ ದೀಪಗಳ ಸಂಖ್ಯೆ ಏರುತ್ತದೆ.

ಈ ಹಬ್ಬದ ಹುಟ್ಟು ಒಂದು ಯುದ್ಧದಲ್ಲಿದೆ. ಕ್ರಿ. ಪೂ. 323ರಲ್ಲಿ ಅಲೆಕ್ಸಾಂಡರ್ ತೀರಿಕೊಂಡ ಮೇಲೆ ಅವನ ಸೇನಾಪತಿಗಳು ಅವನ ಸಾಮ್ರಾಜ್ಯವನ್ನು ಹಂಚಿಕೊಂಡರು. ಯೆಹೂದ್ಯರ ಪುಟ್ಟ ನಾಡು ಮೊದಲು ಈಜಿಪ್ತಿನ ಟಾಲೆಮಿಗಳ ಕೈಯಲ್ಲಿದ್ದು, ಕ್ರಿ. ಪೂ. 200ರ ಸುಮಾರಿಗೆ ಸಿರಿಯದ ಸೆಲ್ಯೂಕಸ್ ವಂಶದವರ ವಶವಾಯಿತು. ಆ ವಂಶದ ನಾಲ್ಕನೆಯ ಆಂಟಿಯೋಕಸ್ ಕ್ರಿ. ಪೂ. 175ರಲ್ಲಿ ಪಟ್ಟಕ್ಕೆ ಬಂದನು. ಯುದ್ಧಗಳಿಂದ ಬೊಕ್ಕಸ ಬರಿದಾಗಿದ್ದ ಆತ ಯೆರೂಸಲೇಮಿನ ದೇವಾಲಯದ ಭಂಡಾರವನ್ನು ಸುಲಿದನು. ಕ್ರಿ. ಪೂ. 167ರಲ್ಲಿ ಇನ್ನೂ ಮುಂದೆ ಹೋಗಿ ಸಬ್ಬತ್ ದಿನದ ಆಚರಣೆಯನ್ನೂ ಸುನ್ನತಿಯನ್ನೂ ನಿಷೇಧಿಸಿದನು, ಧರ್ಮಗ್ರಂಥಗಳನ್ನು ಸುಡಿಸಿದನು, ದೇವಾಲಯದ ಬಲಿಪೀಠದ ಮೇಲೆ ಗ್ರೀಕರ ಸ್ಯೂಸ್ ದೇವನ ಪೂಜೆ ನಡೆಯಿತು.

ದೋಷವೆಲ್ಲ ಪರಕೀಯ ಅರಸನದೇ ಎಂದು ಹೇಳುವಂತಿಲ್ಲ. ಯೆರೂಸಲೇಮಿನ ಕುಲೀನರಲ್ಲಿಯೇ ಗ್ರೀಕ್ ನಡೆನುಡಿಗೆ ಮರುಳಾದ ಒಂದು ಪಂಗಡವಿತ್ತು. ಜೇಸನ್ ಎಂಬವನು ಅರಸನಿಗೆ ಹಣ ತೆತ್ತು ಮಹಾಪುರೋಹಿತನ ಪದವಿಯನ್ನು ಕೊಂಡುಕೊಂಡನು. ಪವಿತ್ರ ನಗರದಲ್ಲಿ ಗ್ರೀಕ್ ಮಾದರಿಯ ವ್ಯಾಯಾಮಶಾಲೆ ತೆರೆದನು. ಅವನಿಗಿಂತ ಹೆಚ್ಚು ಹಣ ತೆತ್ತು ಮೆನೆಲಾಸ್ ಎಂಬವನು ಅದೇ ಪದವಿಯನ್ನು ಕಸಿದನು. ಹೊರಗಿನವನ ಕತ್ತಿಗೆ ಒಳಗಿನವರ ಆಸೆ ದಾರಿ ಮಾಡಿಕೊಟ್ಟಿತ್ತು. ಕಿತ್ತೂರಿನ ಕಥೆಯನ್ನು ಹಾಡುವ ನಮ್ಮ ಲಾವಣಿಕಾರರು ಮನೆಯೊಳಗಿನ ದ್ರೋಹವನ್ನು ಎಂದೂ ಬಿಟ್ಟು ಹಾಡುವುದಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು.

ಮೊದಿಯಿನ್ ಎಂಬ ಹಳ್ಳಿಯಲ್ಲಿ ಮತ್ತಥೀಯನೆಂಬ ವೃದ್ಧ ಪುರೋಹಿತನಿದ್ದನು. ಅರಸನ ಅಧಿಕಾರಿ ಬಂದು ಅನ್ಯದೇವತೆಗೆ ಬಲಿ ಕೊಡಬೇಕೆಂದು ಆಜ್ಞಾಪಿಸಿದಾಗ ಆತ ನಿರಾಕರಿಸಿದನು. ಬಲಿ ಕೊಡಲು ಮುಂದೆ ಬಂದ ಊರವನೊಬ್ಬನನ್ನೂ ಆ ಅಧಿಕಾರಿಯನ್ನೂ ಕೊಂದು ಐವರು ಮಕ್ಕಳೊಡನೆ ಗುಡ್ಡ ಸೇರಿದನು. ತಂದೆಯ ತರುವಾಯ ಮುಂದಾಳುತನ ವಹಿಸಿದವನು ಯೂದ. ಅವನಿಗೆ ‘ಮಕ್ಕಾಬಿ’ ಎಂಬ ಅಡ್ಡಹೆಸರು. ಸುತ್ತಿಗೆ ಎಂದು ಅದಕ್ಕೆ ಸಾಮಾನ್ಯವಾಗಿ ಅರ್ಥ ಹೇಳುತ್ತಾರೆ. ಕಣಿವೆಗಳಲ್ಲಿ ಅಡಗಿದ್ದು ಎರಗುವ ಯುದ್ಧದಿಂದ ಆತ ದೊಡ್ಡ ದೊಡ್ಡ ದಂಡುಗಳನ್ನು ಹಣ್ಣುಮಾಡಿದನು. ಕ್ರಿ. ಪೂ. 164ರಲ್ಲಿ ಯೆರೂಸಲೇಮಿಗೆ ಬಂದು ದೇವಾಲಯವನ್ನು ಶುದ್ಧಗೊಳಿಸಿದನು; ಹೊಸ ಬಲಿಪೀಠ ಕಟ್ಟಿ, ದೀಪ ಹೊತ್ತಿಸಿ, ಎಂಟು ದಿನ ಉತ್ಸವ ಮಾಡಿದನು.

ಆಗ ಅವರೆದುರು ಒಂದು ಧರ್ಮಸಂಕಟ ಒದಗಿತು. ಮೈಲಿಗೆಯಾದ ಹಳೆಯ ಬಲಿಪೀಠದ ಕಲ್ಲುಗಳನ್ನು ಏನು ಮಾಡುವುದು? ಪೂಜೆಗೆ ಅವು ಸಲ್ಲವು. ಆದರೆ ಶತಮಾನಗಳ ಕಾಲ ಪೂಜೆಗೊಂಡ ಅವನ್ನು ಬೀದಿಗೆ ಎಸೆಯುವುದೂ ಸಲ್ಲದು. ಕೊನೆಗೆ ಆ ಕಲ್ಲುಗಳನ್ನು ಬಿಚ್ಚಿ ದೇವಾಲಯದ ಗುಡ್ಡದ ಮೇಲೆ ಒಂದೆಡೆ ತೆಗೆದಿಟ್ಟರು. ಮುಂದೆ ಒಬ್ಬ ಪ್ರವಾದಿ ಬಂದು ಅವುಗಳ ವಿಷಯದಲ್ಲಿ ನಿರ್ಣಯ ಹೇಳುವವರೆಗೆ ಅವು ಅಲ್ಲಿಯೇ ಇರಲಿ ಎಂದರು. ಗೆದ್ದವರು ಸಾಮಾನ್ಯವಾಗಿ ಎಲ್ಲದಕ್ಕೂ ತಮ್ಮಲ್ಲಿ ಉತ್ತರವಿದೆ ಎಂದು ನಂಬುತ್ತಾರೆ. ಈ ಗೆದ್ದವರು ಒಂದು ಪ್ರಶ್ನೆಯನ್ನು ಮುಂದಿನವರಿಗೆ ಬಿಟ್ಟುಕೊಟ್ಟರು.

ಈ ವೃತ್ತಾಂತವೆಲ್ಲ ಇರುವುದು ‘ಮಕ್ಕಾಬಿಯರ ಮೊದಲನೆಯ ಗ್ರಂಥ’ದಲ್ಲಿ. ಅದರಲ್ಲಿ ಯುದ್ಧವಿದೆ, ಬಲಿಪೀಠವಿದೆ, ದೀಪವೂ ಇದೆ. ಎಣ್ಣೆಯ ಪವಾಡ ಮಾತ್ರ ಇಲ್ಲ! ಎರಡನೆಯ ಗ್ರಂಥ ಎಂಟು ದಿನಗಳಿಗೆ ಬೇರೊಂದು ಕಾರಣ ಹೇಳುತ್ತದೆ. ಗುಡ್ಡಗವಿಗಳಲ್ಲಿ ಅಡಗಿದ್ದ ದಿನಗಳಲ್ಲಿ ಆ ಜನಕ್ಕೆ ಎಂಟು ದಿನಗಳ ಪರ್ಣಶಾಲೆಯ ಹಬ್ಬವನ್ನು ಆಚರಿಸಲು ಆಗಿರಲಿಲ್ಲ. ಅದನ್ನೇ ಗೆಲುವಿನ ತರುವಾಯ ತಡವಾಗಿ ಆಚರಿಸಿದರಂತೆ. ಕ್ರಿ. ಶ. ಮೊದಲನೆಯ ಶತಮಾನದ ಕೊನೆಗೆ ಯೆಹೂದ್ಯರ ಇತಿಹಾಸ ಬರೆದ ಜೋಸೆಫಸ್ ಇದನ್ನು ‘ದೀಪಗಳು’ ಎಂದು ಕರೆಯುತ್ತಾನೆ. ಸ್ವಾತಂತ್ರ್ಯ ಅನಿರೀಕ್ಷಿತವಾಗಿ ಬೆಳಗಿತೆಂಬ ಕಾರಣಕ್ಕೆ ಆ ಹೆಸರು ಬಂದಿರಬೇಕೆಂದು ಊಹಿಸುತ್ತಾನೆ. ಅವನಿಗೂ ಎಣ್ಣೆಯ ಸುದ್ದಿ ಇಲ್ಲ.

ಎಣ್ಣೆಯ ಕಥೆ ನಮಗೆ ಸಿಗುವುದು ಕ್ರಿ. ಶ. 500ರ ಸುಮಾರಿಗೆ ಸಂಕಲನಗೊಂಡ ಬಾಬಿಲೋನಿನ ತಾಲ್ಮೂದಿನಲ್ಲಿ. ‘ಹನುಕ್ಕಾ ಎಂದರೇನು?’ ಎಂದು ಅಲ್ಲಿ ಪ್ರಶ್ನೆ ಬರುತ್ತದೆ. ಉತ್ತರವಾಗಿ ಬರುವ ಕಥೆ ಇದು: ಗ್ರೀಕರು ದೇವಾಲಯವನ್ನು ಹೊಕ್ಕು ಅಲ್ಲಿದ್ದ ಎಣ್ಣೆಯನ್ನೆಲ್ಲ ಅಶುದ್ಧಗೊಳಿಸಿದ್ದರು. ಹುಡುಕಿದಾಗ ಮಹಾಪುರೋಹಿತನ ಮುದ್ರೆ ಒಡೆಯದ ಒಂದೇ ಒಂದು ಕುಡಿಕೆ ಸಿಕ್ಕಿತು. ಅದರಲ್ಲಿದ್ದುದು ಒಂದು ದಿನಕ್ಕೆ ಸಾಲುವಷ್ಟು ಎಣ್ಣೆ. ಅದು ಎಂಟು ದಿನ ಉರಿಯಿತು. ಯುದ್ಧದ ವಿಷಯ ಅಲ್ಲಿ ಒಂದು ಮಾತಿನಲ್ಲಿ ಮುಗಿಯುತ್ತದೆ. ಉಳಿದುದೆಲ್ಲ ದೀಪದ ಮಾತು.

ಆರುನೂರಕ್ಕೂ ಹೆಚ್ಚು ವರ್ಷಗಳಲ್ಲಿ ಕತ್ತಿ ಹಿಂದೆ ಸರಿದು ಎಣ್ಣೆಯ ಕುಡಿಕೆ ಮುಂದೆ ಬಂದುದು ಹೇಗೆ? ಈ ಹಬ್ಬದ ನಿಜವಾದ ಇತಿಹಾಸ ಇರುವುದು ಈ ಪ್ರಶ್ನೆಯಲ್ಲಿಯೇ ಎಂದು ನಾನು ಭಾವಿಸಿದ್ದೇನೆ. ಗೆದ್ದವರ ಮುಂದಿನ ಕಥೆ ಹಬ್ಬ ಮಾಡುವಂಥದಾಗಿರಲಿಲ್ಲ. ಮತ್ತಥೀಯನ ವಂಶದವರು ಪುರೋಹಿತ ಪದವಿಯನ್ನೂ ರಾಜಪದವಿಯನ್ನೂ ತಾವೇ ಇಟ್ಟುಕೊಂಡರು. ಬಲಾತ್ಕಾರದ ಧರ್ಮವನ್ನು ವಿರೋಧಿಸಿ ಕತ್ತಿ ಹಿಡಿದವನ ಮೊಮ್ಮಗನಾದ ಜಾನ್ ಹಿರ್ಕಾನಸ್, ನೆರೆಯ ಇದೂಮಿಯದ ಜನರನ್ನು ಗೆದ್ದು ಅವರು ನಾಡಿನಲ್ಲಿ ಉಳಿಯಬೇಕಾದರೆ ತನ್ನ ಧರ್ಮವನ್ನು ಸ್ವೀಕರಿಸಬೇಕೆಂದು ಕಟ್ಟಳೆ ಮಾಡಿದನು. ಅವನ ಮಗ ಅಲೆಕ್ಸಾಂಡರ್ ಯನ್ನಾಯನು ತನ್ನನ್ನು ವಿರೋಧಿಸಿದ ಸ್ವಜನರಲ್ಲಿ 800 ಮಂದಿಯನ್ನು ಶಿಲುಬೆಗೇರಿಸಿದನೆಂದು ಜೋಸೆಫಸ್ ಬರೆದಿದ್ದಾನೆ. ಯನ್ನಾಯನ ಇಬ್ಬರು ಮಕ್ಕಳು ಸಿಂಹಾಸನಕ್ಕಾಗಿ ಕಾದಾಡಿ, ಇಬ್ಬರೂ ರೋಮಿನ ಪಾಂಪೆಯ ಬಳಿ ನ್ಯಾಯ ಕೇಳಲು ಹೋದರು. ಕ್ರಿ. ಪೂ. 63ರಲ್ಲಿ ಪಾಂಪೆ ಯೆರೂಸಲೇಮನ್ನೇ ಹಿಡಿದನು. ಗೆಲುವಿನ ದೀಪ ಹಚ್ಚಿ ಸರಿಯಾಗಿ ನೂರೊಂದು ವರ್ಷಕ್ಕೆ ಸ್ವಾತಂತ್ರ್ಯ ಮುಗಿದಿತ್ತು.

ಮುಂದೆ ಕ್ರಿ. ಶ. 70ರಲ್ಲಿ ರೋಮನರು ದೇವಾಲಯವನ್ನೇ ಸುಟ್ಟರು. 132ರಿಂದ 135ರವರೆಗೆ ನಡೆದ ಬಾರ್ ಕೊಖ್ಬನ ದಂಗೆ ಭೀಕರ ಸೋಲಿನಲ್ಲಿ ಮುಗಿಯಿತು. ಯಾವ ದೇವಾಲಯದ ಪ್ರತಿಷ್ಠಾಪನೆಗಾಗಿ ಹಬ್ಬ ಹುಟ್ಟಿತೋ ಆ ದೇವಾಲಯವೇ ಉಳಿಯಲಿಲ್ಲ. ಯಾವ ಸೇನೆ ಗೆದ್ದಿತೋ ಆ ಸೇನೆಯೂ ಇಲ್ಲ. ಯಾವ ವಂಶ ಆಳಿತೋ ಅದೂ ಅಳಿಯಿತು. ಅಂಥ ಜನ ಡಿಸೆಂಬರಿನ ಇರುಳಲ್ಲಿ ಏನನ್ನು ನೆನೆಯಬೇಕು? ಅವರ ಧರ್ಮಗುರುಗಳು ಮುದ್ರೆ ಒಡೆಯದ ಕುಡಿಕೆಯನ್ನು ಆರಿಸಿಕೊಂಡರು. ಸೋತ ಜನಾಂಗ ಮತ್ತೆ ಕತ್ತಿಯ ಆಸೆಗೆ ಬಿದ್ದು ನಾಶವಾಗಬಾರದೆಂಬ ಎಚ್ಚರ ಇದರ ಹಿಂದೆ ಇದ್ದಿರಬೇಕೆಂದು ಹಲವು ವಿದ್ವಾಂಸರು ಊಹಿಸುತ್ತಾರೆ. ಒಪ್ಪತಕ್ಕ ಊಹೆ ಅದು.

ದೀಪ ಹಚ್ಚುವ ವಿಧಿಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಶಮ್ಮಾಯಿ ಎಂಬ ಗುರುವಿನ ಪರಂಪರೆಯವರು ಮೊದಲ ದಿನ ಎಂಟು ದೀಪ ಹಚ್ಚಿ ದಿನಕ್ಕೊಂದರಂತೆ ಇಳಿಸಬೇಕೆಂದರು. ಹಿಲ್ಲೇಲನ ಪರಂಪರೆಯವರು ಒಂದರಿಂದ ಮೊದಲಾಗಿ ಏರಿಸಬೇಕೆಂದರು. ಪವಿತ್ರವಾದುದರಲ್ಲಿ ಏರಬೇಕೇ ಹೊರತು ಇಳಿಯಬಾರದು ಎಂಬುದು ಅವರ ವಾದ. ಹಿಲ್ಲೇಲನ ಪಕ್ಷವೇ ನಿಂತಿತು. ದೀಪವನ್ನು ಬಾಗಿಲ ಹೊರಗೆ, ದಾರಿಹೋಕರಿಗೆ ಕಾಣುವಂತೆ ಇಡಬೇಕು. ಅಪಾಯದ ಕಾಲದಲ್ಲಿ ಮಾತ್ರ ಒಳಗೆ, ಮೇಜಿನ ಮೇಲೆ ಇಟ್ಟರೂ ಸಾಕು. ಹೆಂಗಸರೂ ಹಚ್ಚಬೇಕು, ಏಕೆಂದರೆ ಆ ಬಿಡುಗಡೆಯಲ್ಲಿ ಅವರೂ ಪಾಲುಗಾರರು. ಎಲ್ಲಕ್ಕಿಂತ ಸೊಗಸಾದ ವಿಧಿ ಇನ್ನೊಂದಿದೆ: ಆ ದೀಪದ ಬೆಳಕಿನಲ್ಲಿ ಯಾವ ಕೆಲಸವನ್ನೂ ಮಾಡಕೂಡದು, ಹಣ ಎಣಿಸಕೂಡದು. ಅದು ಬರಿಯ ನೋಡುವುದಕ್ಕೆ ಇರುವ ಬೆಳಕು. ಆದ್ದರಿಂದಲೇ ಎಂಟು ದೀಪಗಳ ಪಕ್ಕದಲ್ಲಿ ಒಂಬತ್ತನೆಯದಾಗಿ ‘ಶಮ್ಮಾಶ್’ ಎಂಬ ಸೇವಕ ದೀಪವನ್ನು ಇಡುವ ರೂಢಿ ಬಂದಿತು. ಬಳಕೆಗೆ ಬೇಕಾದ ಬೆಳಕು ಅದರದು. ನೆನಪಿನ ಬೆಳಕನ್ನು ಸ್ವಂತ ಲಾಭಕ್ಕೆ ಬಳಸಬಾರದೆಂಬ ಈ ಮಾತನ್ನು ಎಲ್ಲ ದೇಶಗಳ ಉತ್ಸವ ಸಮಿತಿಗಳೂ ಕೇಳಿಸಿಕೊಳ್ಳಬಹುದು!

ಈಗ ನಮ್ಮ ನೆರೆಗೆ ಬರೋಣ. ಸಹ್ಯಾದ್ರಿಯ ಆಚೆ, ಕೊಂಕಣದ ಅಲಿಬಾಗ ಸೀಮೆಯಲ್ಲಿ ‘ಬೆನೆ ಇಸ್ರಾಯೇಲ್’ ಎಂಬ ಯೆಹೂದ್ಯ ಸಮುದಾಯವೊಂದು ಶತಮಾನಗಳಿಂದ ಬಾಳಿತು. ಬೆಳಗಾವಿ ಜಿಲ್ಲೆಯವರಿಗೆ ಪರಿಚಿತವಾದ ಮರಾಠಿಯೇ ಅವರ ಮನೆಮಾತು. ದಿವೇಕರ, ಕೇಹಿಮಕರ ಎಂದು ಊರ ಹೆಸರೇ ಅವರ ಮನೆತನದ ಹೆಸರು. ನವಗಾವ್ ಬಳಿ ಹಡಗೊಡೆದು ದಡ ಸೇರಿದ ಏಳು ಗಂಡಸರು, ಏಳು ಹೆಂಗಸರ ಸಂತಾನ ತಾವೆಂದು ಅವರ ಪರಂಪರೆ ಹೇಳುತ್ತದೆ. ಅವರ ಕುಲಕಸುಬು ಗಾಣ ಹೂಡಿ ಎಣ್ಣೆ ತೆಗೆಯುವುದು. ಶನಿವಾರ ಅವರ ಸಬ್ಬತ್ ದಿನವಾದ್ದರಿಂದ ಅಂದು ಗಾಣ ತಿರುಗುತ್ತಿರಲಿಲ್ಲ. ಸುತ್ತಲಿನ ಜನ ಅವರನ್ನು ‘ಶನಿವಾರ ತೇಲಿ’ ಎಂದರು. ಶನಿವಾರದ ಗಾಣಿಗರು ಎಂದು ಅದರ ಅರ್ಥ. ನಮ್ಮಲ್ಲಿ ಸೋಮವಾರ ಬಸವಣ್ಣನ ದಿನವೆಂದು ಎತ್ತಿನ ಹೆಗಲ ಮೇಲೆ ನೊಗ ಇಡದ ಮನೆಗಳು ಎಷ್ಟೊಂದು! ಆ ವ್ರತದ ಬೆಲೆ ಬಲ್ಲವರಿಗೆ ಈ ಹೆಸರಿನ ಗೌರವ ತಾನಾಗಿ ತಿಳಿಯುತ್ತದೆ.

ಈ ಎಣ್ಣೆಯ ಜನಕ್ಕೆ ಎಣ್ಣೆಯ ಹಬ್ಬ ಗೊತ್ತಿರಲಿಲ್ಲ! ಅವರಲ್ಲಿ ಗ್ರಂಥಗಳು ಉಳಿದಿರಲಿಲ್ಲ, ಹೀಬ್ರೂ ಮರೆತುಹೋಗಿತ್ತು. ‘ಕೇಳು, ಇಸ್ರಾಯೇಲೇ’ ಎಂದು ಮೊದಲಾಗುವ ಪ್ರಾರ್ಥನೆಯೊಂದು, ಸುನ್ನತಿ, ಶನಿವಾರದ ಬಿಡುವು, ಆಹಾರದ ಕೆಲವು ನಿಯಮಗಳು, ಇಷ್ಟೇ ಕೈಯಲ್ಲಿ ಉಳಿದಿದ್ದವು. ಹಬ್ಬಗಳಿಗೆ ಮರಾಠಿಯ ಹೆಸರುಗಳಿದ್ದವು. ಹೊಸ ವರ್ಷಕ್ಕೆ ‘ನವ್ಯಾಚಾ ಸಣ’. ಪ್ರಾಯಶ್ಚಿತ್ತದ ದಿನಕ್ಕೆ ಬಾಗಿಲು ಮುಚ್ಚುವ ಹಬ್ಬವೆಂಬ ಅರ್ಥದ ‘ದಾರ್‌ಫಾಳ್ನೀಚಾ ಸಣ’. ಹನುಕ್ಕಾದ ಹೆಸರು ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ. ಕೊಚ್ಚಿಯಿಂದ ಬಂದ ಡೇವಿಡ್ ರಹಾಬಿ ಎಂಬವನು ಇವರನ್ನು ಪರೀಕ್ಷಿಸಲೆಂದು ಹೆಂಗಸರ ಮುಂದೆ ಬಗೆಬಗೆಯ ಮೀನು ಇರಿಸಿದನಂತೆ. ಅವರು ರೆಕ್ಕೆಯೂ ಪೊರೆಯೂ ಉಳ್ಳವನ್ನು ಮಾತ್ರ ಆರಿಸಿಕೊಂಡಾಗ ಇವರು ತನ್ನ ಬಂಧುಗಳೇ ಎಂದು ಗುರುತಿಸಿದನೆಂಬುದು ಅವರ ಐತಿಹ್ಯ. ಗುರುತು ಸಿಕ್ಕಿದ್ದು ಅಡಿಗೆಮನೆಯಲ್ಲಿ!

ಹನುಕ್ಕಾ ಗೊತ್ತಿಲ್ಲದಿರುವುದನ್ನೇ ಆಧಾರವಾಗಿ ಹಿಡಿದು, ಇವರ ಪೂರ್ವಿಕರು ಕ್ರಿ. ಪೂ. 164ಕ್ಕಿಂತ ಮೊದಲೇ, ಬಹುಶಃ ಆಂಟಿಯೋಕಸನ ಹಿಂಸೆಗೆ ಹೆದರಿಯೇ, ಹೊರಟು ಬಂದವರೆಂದು ಹತ್ತೊಂಬತ್ತನೆಯ ಶತಮಾನದಿಂದ ವಾದಿಸಲಾಗಿದೆ. ಆ ಸಮುದಾಯದವರೇ ಆದ ಹಾಯೀಮ ಸ್ಯಾಮ್ಯುಯೆಲ್ ಕೇಹಿಮಕರರು ತಮ್ಮ ಜನರ ಇತಿಹಾಸವನ್ನು ಬರೆದರು. ಅದು 1937ರಲ್ಲಿ ಟೆಲ್ ಅವೀವಿನಲ್ಲಿ ಅಚ್ಚಾಯಿತು. ಇಂದಿನ ವಿದ್ವಾಂಸರು ಈ ವಾದವನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಒಂದು ಹಬ್ಬ ತಿಳಿಯದಿರುವುದಕ್ಕೂ ಅದನ್ನು ಮರೆತಿರುವುದಕ್ಕೂ ಅಂತರವಿದೆಯಲ್ಲವೆ? 2016ರಲ್ಲಿ ಪ್ರಕಟವಾದ ವಂಶವಾಹಿ ಸಂಶೋಧನೆಯೊಂದು ಇವರಲ್ಲಿ ಮಧ್ಯಪ್ರಾಚ್ಯದ ಯೆಹೂದ್ಯರ ರಕ್ತವೂ ಭಾರತೀಯರ ರಕ್ತವೂ ಗಣನೀಯವಾಗಿ ಬೆರೆತಿರುವುದನ್ನು ತೋರಿಸಿತು. ಬಂದ ವರ್ಷ ಯಾವುದೇ ಇರಲಿ, ಒಂದು ಮಾತು ನಿಶ್ಚಯ. ಯುದ್ಧದ ನೆನಪಿಲ್ಲದೆ, ಗೆಲುವಿನ ಹಬ್ಬವಿಲ್ಲದೆ, ಗ್ರಂಥವೂ ಇಲ್ಲದೆ ಈ ಜನ ತಾವಾಗಿಯೇ ಉಳಿದರು. ವಾರಕ್ಕೊಂದು ದಿನ ಗಾಣ ನಿಲ್ಲಿಸಿದ್ದರಿಂದ ಉಳಿದರು.

ಈ ಜನರ ಕಥೆ ಘಟ್ಟ ಹತ್ತಿ ಕನ್ನಡ ನಾಡಿಗೂ ಬಂದಿದೆ. ಕಂಪನಿಯ ಮುಂಬಯಿ ಸೈನ್ಯದಲ್ಲಿ ಬೆನೆ ಇಸ್ರಾಯೇಲರು ಬಹು ಮಂದಿ ಇದ್ದರು. ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕವರಲ್ಲಿ ಸಾಮಾಜಿ ಹಸಾಜಿ ದಿವೇಕರನೆಂಬ ಅಧಿಕಾರಿ ಒಬ್ಬ. ‘ನೀನು ಯಾವ ಜಾತಿ?’ ಎಂದು ಕೇಳಿದಾಗ ಆತ ‘ಬೆನೆ ಇಸ್ರಾಯೇಲ್’ ಎಂದನಂತೆ. ಆ ಹೆಸರು ಕುರಾನಿನಲ್ಲಿ ಬರುತ್ತದೆಂದು ಬಲ್ಲ ಟಿಪ್ಪುವಿನ ತಾಯಿ ಅವನ ಪ್ರಾಣ ಉಳಿಸಿದಳಂತೆ. ಇದು ಅವರ ಮನೆಗಳಲ್ಲಿ ಹೇಳಿಕೊಂಡು ಬಂದ ಕಥೆ. ಬಿಡುಗಡೆಯಾದ ದಿವೇಕರನು 1796ರಲ್ಲಿ ಮುಂಬಯಿಯಲ್ಲಿ ಅಲ್ಲಿನ ಮೊದಲ ಯೆಹೂದ್ಯ ಪ್ರಾರ್ಥನಾಮಂದಿರವನ್ನು ಕಟ್ಟಿಸಿದನು, ಇದು ಇತಿಹಾಸ. ಅದರ ಹೀಬ್ರೂ ಹೆಸರಿನ ಅರ್ಥ ‘ಕರುಣೆಯ ಬಾಗಿಲು’. ಬೆಂಗಳೂರಿನ ಮರ್ಫಿ ಟೌನಿನಲ್ಲಿ 1904ರಿಂದ ಇರುವ ಪುಟ್ಟ ಯೆಹೂದ್ಯ ಸ್ಮಶಾನ ಈ ನಾಡಿನ ಇನ್ನೊಂದು ನೆನಪು. ಕೊಚ್ಚಿಯ ಯೆಹೂದ್ಯರೂ ಬಾಗ್ದಾದಿನಿಂದ ಬಂದವರೂ ಕೊಂಕಣದ ಈ ಗಾಣಿಗರಿಗೆ ಮರೆತ ವಿಧಿಗಳನ್ನು ಮತ್ತೆ ಪರಿಚಯ ಮಾಡಿಸಿದರು. ಹನುಕ್ಕಾ ದೀಪವೂ ಹಾಗೆ ಅವರ ಹೊಸ್ತಿಲಿಗೆ ಮರಳಿತು. 1948ರ ತರುವಾಯ ಬಹುತೇಕ ಮಂದಿ ಇಸ್ರೇಲಿಗೆ ಹೋದರು. ಕೆಲವು ಸಾವಿರ ಜನ ಮಾತ್ರ ಇಲ್ಲಿ ಉಳಿದಿದ್ದಾರೆ.

ಇನ್ನು ಕಿತ್ತೂರು. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಮಡಿದನು. ಆ ಗೆಲುವು ನಮಗೆಲ್ಲ ಬಾಯಿಪಾಠ. ಪ್ರತಿ ವರ್ಷ ಆ ದಿನದಿಂದ ಕಿತ್ತೂರು ಉತ್ಸವ ನಡೆಯುತ್ತದೆ. ಜ್ಯೋತಿಯ ಮೆರವಣಿಗೆ ಬರುತ್ತದೆ. 2024ರಲ್ಲಿ ಆ ಗೆಲುವಿಗೆ ಇನ್ನೂರು ವರ್ಷ ತುಂಬಿತು. ಆದರೆ ಸುಮಾರು ಆರು ವಾರಗಳಲ್ಲಿ, ಡಿಸೆಂಬರಿನ ಮೊದಲ ವಾರದಲ್ಲಿ, ಅದೇ ಕೋಟೆ ಕಂಪನಿಯ ದೊಡ್ಡ ದಂಡಿಗೆ ಶರಣಾಯಿತು. ಚೆನ್ನಮ್ಮರಾಣಿ ಬೈಲಹೊಂಗಲದಲ್ಲಿ ಸೆರೆಯಲ್ಲಿ ನಾಲ್ಕು ವರ್ಷಕ್ಕೂ ಮೇಲ್ಪಟ್ಟು ಬಾಳಿ 1829ರ ಫೆಬ್ರವರಿಯಲ್ಲಿ ಕಣ್ಣು ಮುಚ್ಚಿದಳು. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಅಕ್ಟೋಬರಿನ ದಿನಕ್ಕೆ ಉತ್ಸವವಿದೆ. ಡಿಸೆಂಬರಿನ ದಿನಕ್ಕೆ ಏನಿದೆ?

ಗೆಲುವಿನ ಕತ್ತಿಯನ್ನು ನೆನೆಯುವುದು ಎಷ್ಟು ತೊಡಕಿನ ಕೆಲಸವೆಂಬುದನ್ನು ನಮ್ಮ ರಾಮದುರ್ಗವೂ ಬಲ್ಲದು. 1939ರ ಏಪ್ರಿಲಿನಲ್ಲಿ ಆ ಸಂಸ್ಥಾನದ ಪ್ರಜೆಗಳ ಹೋರಾಟ ಹಿಂಸೆಗೆ ತಿರುಗಿ ಪೊಲೀಸರು ಪ್ರಾಣ ಕಳೆದುಕೊಂಡರು. ಸ್ವಾತಂತ್ರ್ಯದ ಕಥೆಯೇ ಆದರೂ ಜನ ಅದನ್ನು ‘ರಾಮದುರ್ಗದ ದುರಂತ’ ಎಂದೇ ಕರೆದರು. ಹೆಸರಿಟ್ಟ ಜನರ ವಿವೇಕ ದೊಡ್ಡದು. ಅವರಿಗೆ ಅದನ್ನು ವಿಜಯವೆನ್ನುವ ಮನಸ್ಸಾಗಲಿಲ್ಲ. ಮರೆಯುವ ಮನಸ್ಸೂ ಆಗಲಿಲ್ಲ.

ಕಿತ್ತೂರಿನ ಕಾಳಗದಲ್ಲಿ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಎಂಬ ತರುಣನಿದ್ದನು. ಚೆನ್ನಮ್ಮನ ಕೋಟೆಯಲ್ಲಿ ಬಂದಿಯಾಗಿದ್ದು ಜೀವಸಹಿತ ಬಿಡುಗಡೆಯಾದ ಆತ ಮುಂದೆ ಇದೇ ಸೀಮೆಯ ಊರೂರು ತಿರುಗಿ ನೂರಾರು ಕನ್ನಡ ಶಾಸನಗಳ ಪ್ರತಿ ಮಾಡಿಸಿದನು. 1830ರ ದಶಕದಲ್ಲಿ ಆತ ಪ್ರಕಟಿಸಿದ ಲೇಖನದಿಂದಲೇ ಚಾಲುಕ್ಯರ ಇತಿಹಾಸ ಹೊಸ ಬೆಳಕು ಕಂಡಿತು. ಸವದತ್ತಿಯಿಂದ ಆಳಿದ ರಟ್ಟರ ಕಾಲದ ಈ ನಾಡಿನ ಶಾಸನಗಳನ್ನು ಓದಿದವರಿಗೆ ಗೊತ್ತು, ಅವುಗಳಲ್ಲಿ ಯುದ್ಧದ ವರ್ಣನೆ ಎಷ್ಟಿದೆಯೋ ಎಣ್ಣೆಯ ಲೆಕ್ಕವೂ ಅಷ್ಟೇ ಇದೆ. ದೇವರ ನಂದಾದೀವಿಗೆಗೆ ಊರ ಗಾಣವೊಂದಕ್ಕೆ ಇಂತಿಷ್ಟು ಸೊಲ್ಲಗೆ ಎಣ್ಣೆ ಎಂದು ಕಲ್ಲಿನಲ್ಲಿ ಕೊರೆದಿಟ್ಟ ಕಟ್ಟಳೆಗಳು ಕನ್ನಡ ನಾಡಿನ ಉದ್ದಗಲಕ್ಕೂ ಸಿಗುತ್ತವೆ. ಗೆದ್ದ ಅರಸನ ಬಿರುದಾವಳಿಯನ್ನು ಇಂದು ನಾವು ನಿಘಂಟು ಹಿಡಿದು ಓದಬೇಕು. ಗಾಣಿಗನ ಸೊಲ್ಲಗೆ ಮಾತ್ರ ಈಗಲೂ ನೇರವಾಗಿ ಅರ್ಥವಾಗುತ್ತದೆ. ದೀಪವನ್ನು ಒಮ್ಮೆ ಹಚ್ಚುವುದು ವೀರನಿಗೆ ಸಾಧ್ಯ. ದಿನ ದಿನವೂ ಅದು ಆರದಂತೆ ನೋಡಿಕೊಳ್ಳುವುದು ಊರಿಗೆ ಮಾತ್ರ ಸಾಧ್ಯ.

ಇದೇ ನಾನು ಹೇಳಬೇಕೆಂದಿದ್ದ ಮಾತು. ಹನುಕ್ಕಾ ಹಬ್ಬದ ಪವಾಡ ಎಣ್ಣೆ ಎಂಟು ದಿನ ಉರಿದದ್ದರಲ್ಲಿದೆ ಎಂದು ಶ್ರದ್ಧಾವಂತರು ನಂಬುತ್ತಾರೆ. ಅವರ ನಂಬಿಕೆಗೆ ನನ್ನ ನಮಸ್ಕಾರ. ನನ್ನಂಥ ಸಾಹಿತ್ಯದ ವಿದ್ಯಾರ್ಥಿಗೆ ಕಾಣುವ ಪವಾಡ ಬೇರೆ. ಒಂದು ದಿನಕ್ಕೆ ಮಾತ್ರ ಸಾಲುವಷ್ಟು ಎಣ್ಣೆ ಇದೆಯೆಂದು ಗೊತ್ತಿದ್ದೂ ಆ ಜನ ಮೊದಲ ದಿನದ ದೀಪ ಹಚ್ಚಿದರು. ಸೋಲು ಗೊತ್ತಿದ್ದೂ ಬೈಲಹೊಂಗಲದ ಸೆರೆಮನೆಯಲ್ಲಿ ಚೆನ್ನಮ್ಮ ಬಾಳಿದ ಆ ನಾಲ್ಕು ವರ್ಷಗಳು ಅಂಥವೇ ಅಲ್ಲವೆ? ಅವುಗಳ ಮೇಲೆ ನಮ್ಮಲ್ಲಿ ಲಾವಣಿಗಳು ಕಡಿಮೆ. ಕಾಳಗದ ಒಂದು ದಿನದ ಮೇಲೆ ಹಾಡು ಕಟ್ಟುವುದು ಸುಲಭ. ಕಾಯುವ ನಾಲ್ಕು ವರ್ಷಗಳ ಮೇಲೆ ಕಷ್ಟ. ಮಧ್ಯಯುಗದ ಯೆಹೂದ್ಯರು ಶತ್ರು ಸೇನಾಪತಿಯನ್ನು ಕೊಂದು ಊರುಳಿಸಿದ ಯೂದಿತಳೆಂಬ ವಿಧವೆಯ ಕಥೆಯನ್ನೂ ಈ ಹಬ್ಬಕ್ಕೆ ಜೋಡಿಸಿಕೊಂಡರು. ನಮ್ಮ ವಿಧವೆ ರಾಣಿಗೆ ಅಕ್ಟೋಬರಿನ ಜ್ಯೋತಿ ಸಂದಿದೆ. ಡಿಸೆಂಬರಿನ ಹಣತೆ ಇನ್ನೂ ಸಲ್ಲಬೇಕಾಗಿದೆ.

ಆ ದಿನಗಳ ಆಸುಪಾಸಿನಲ್ಲಿಯೇ ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಹೊಸ್ತಿಲ ಹುಣ್ಣಿಮೆ ನಡೆಯುತ್ತದೆ. ಅಂದು ತಾಯಿ ವಿಧವೆಯಾಗುತ್ತಾಳೆಂದು ಭಕ್ತರು ಭಾವಿಸುತ್ತಾರೆ. ಎರಡು ತಿಂಗಳ ಮೇಲೆ ಭರತ ಹುಣ್ಣಿಮೆಗೆ ಅವಳಿಗೆ ಮುತ್ತೈದೆತನ ಮರಳುತ್ತದೆ. ಶೋಕಕ್ಕೂ ಒಂದು ಹುಣ್ಣಿಮೆಯನ್ನು ಎತ್ತಿಟ್ಟ ಜನ ನಾವು. ಹಾಗಿರುವಾಗ ಸೋಲಿನ ದಿನಕ್ಕೆ ದೀಪ ಹಚ್ಚುವುದು ನಮಗೆ ಹೊಸತೇನಲ್ಲ. ವೇದಿಕೆ ಬೇಡ, ಮೆರವಣಿಗೆ ಬೇಡ. ಡಿಸೆಂಬರಿನ ಆ ಚಳಿಯ ಸಂಜೆ ಬೈಲಹೊಂಗಲದ ಮನೆಗಳ ಹೊಸ್ತಿಲಲ್ಲಿ ಒಂದೊಂದು ಕುಸುಬಿ ಎಣ್ಣೆಯ ಪಣತಿ ಬೆಳಗಿದರೆ ಸಾಕು. ಆ ಬೆಳಕಿನಲ್ಲಿ ಯಾರೂ ಲೆಕ್ಕ ಬರೆಯಬಾರದು, ಯಾರೂ ಮತ ಕೇಳಬಾರದು.

ಕಿತ್ತೂರಿನ ಅರಮನೆಯ ಗೋಡೆಗಳು ಇಂದಿಗೂ ಮಾಡಿಲ್ಲದೆ ಬಯಲಿಗೆ ನಿಂತಿವೆ. ನೋಡಲು ಬಂದವರು ಇವನ್ನು ಏನು ಮಾಡಬೇಕು ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಯೆರೂಸಲೇಮಿನ ಜನ ತಮ್ಮ ಬಲಿಪೀಠದ ಕಲ್ಲುಗಳನ್ನು ಪೂಜಿಸಲೂ ಇಲ್ಲ, ಎಸೆಯಲೂ ಇಲ್ಲ. ಬಲ್ಲವನು ಬರುವವರೆಗೆ ಜೋಪಾನವಾಗಿ ಎತ್ತಿಟ್ಟರು. ನಾವೂ ಆ ಕಲ್ಲುಗಳನ್ನು ಜೋಪಾನ ಮಾಡೋಣ. ಅಲ್ಲಿಯವರೆಗೆ ಎಣ್ಣೆ ತೀರದಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ.